ವಿಕ್ಕಾ ಪಂಥ: ಗುರುವಿನ ಶೋಧ ಮತ್ತು ದೀಕ್ಷೆಯ ಕ್ರಮ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಲ್ಲಿ ನಡೆದ ಜನಗಣತಿಯಲ್ಲಿ ತಮ್ಮ ಧರ್ಮ ‘ಪೇಗನ್’ ಎಂದು ಬರೆಸಿದವರು ಸುಮಾರು 74 ಸಾವಿರ. ‘ವಿಕ್ಕಾ’ ಎಂದು ಬರೆಸಿದವರು ಸುಮಾರು 13 ಸಾವಿರ. ಕ್ರೈಸ್ತಪೂರ್ವ ಯುರೋಪಿನ ದೇವತೆಗಳನ್ನೂ ಋತುಚಕ್ರವನ್ನೂ ಆರಾಧಿಸುವ ಆಧುನಿಕ ಪಂಥಗಳಿಗೆ ಪೇಗನ್ ಎಂಬುದು ಒಟ್ಟು ಹೆಸರು. ಅವುಗಳಲ್ಲಿ ಒಂದಾದ ವಿಕ್ಕಾದ ಅನುಯಾಯಿಗಳು, ಸ್ತ್ರೀಯರಿರಲಿ ಪುರುಷರಿರಲಿ, ತಮ್ಮನ್ನು ‘ವಿಚ್’ ಎಂದು ಕರೆದುಕೊಳ್ಳುತ್ತಾರೆ. ಕನ್ನಡದ ‘ಮಾಟಗಾತಿ’ ಇದಕ್ಕೆ ತಕ್ಕ ಪದವಲ್ಲ. ನಮ್ಮಲ್ಲಿ ಅದು ಅನ್ಯರು ಹೊರಿಸುವ ಆರೋಪ; ಅಲ್ಲಿ ಅದು ತಾವೇ ಆಯ್ದುಕೊಂಡ ಹೆಸರು.

ಈ ಪಂಥಕ್ಕೆ ಜಗದ್ಗುರುವಿಲ್ಲ, ಕೇಂದ್ರ ಪೀಠವಿಲ್ಲ, ಗುರುವಿನ ಅರ್ಹತೆಯನ್ನು ನಿರ್ಣಯಿಸುವ ಸರ್ವಮಾನ್ಯ ಸಂಸ್ಥೆಯೂ ಇಲ್ಲ. ಆದ್ದರಿಂದ ಯಾರು ಬೇಕಾದರೂ ತಾವು ಗುರುವೆಂದು ಹೇಳಿಕೊಳ್ಳಲು ಸಾಧ್ಯ. ಕಲಿಯಬಯಸುವವರಿಗೆ ಎದುರಾಗುವ ಮೊದಲ ತೊಡಕು ಇದೇ.

ವಿಕ್ಕಾವನ್ನು ಲೋಕಕ್ಕೆ ಪರಿಚಯಿಸಿದವರು ಜೆರಾಲ್ಡ್ ಗಾರ್ಡ್ನರ್ (1884-1964). ಸಿಲೋನಿನ ತೋಟಗಳಲ್ಲಿ, ಅನಂತರ ಮಲಯದಲ್ಲಿ ಕೆಲಸ ಮಾಡಿ, ಸುಂಕ ಇಲಾಖೆಯಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಅವರು, 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಗುಪ್ತಕೂಟವೊಂದು ತಮಗೆ ದೀಕ್ಷೆ ನೀಡಿತೆಂದು ಹೇಳುತ್ತಿದ್ದರು. ಬ್ರಿಟನ್ನಿನ 1735ರ ಮಾಟ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಅವರ ‘ವಿಚ್‌ಕ್ರಾಫ್ಟ್ ಟುಡೇ’ ಪ್ರಕಟವಾಯಿತು. ತಮ್ಮದು ಅನಾದಿಕಾಲದಿಂದ ಬಂದ ಧರ್ಮವೆಂಬ ಅವರ ವಾದವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ರೊನಾಲ್ಡ್ ಹಟನ್ ಅವರು 1999ರ ತಮ್ಮ ಗ್ರಂಥದಲ್ಲಿ ಇದು ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಧರ್ಮವೆಂದು ವಿವರವಾಗಿ ತೋರಿಸಿದ್ದಾರೆ. ಸಾವಿರಾರು ವರ್ಷಗಳ ಅಖಂಡ ಪರಂಪರೆ ತನ್ನದೆಂದು ಸಾರುವ ಗುರುವನ್ನು ಸಂಶಯದಿಂದ ನೋಡಲು ಇಷ್ಟು ಸಾಕು.

ಗುರುವನ್ನು ಹುಡುಕಿ ಹೊರಟವರಲ್ಲಿ ಡೊರೀನ್ ವ್ಯಾಲಿಯೆಂಟೆ (1922-1999) ಅವರ ಕಥೆ ಪ್ರಸಿದ್ಧವಾದುದು. 1952ರಲ್ಲಿ ಸಚಿತ್ರ ವಾರಪತ್ರಿಕೆಯೊಂದರಲ್ಲಿ ಮ್ಯಾನ್ ದ್ವೀಪದ ಮಾಟವಿದ್ಯೆಯ ವಸ್ತುಸಂಗ್ರಹಾಲಯದ ಬಗ್ಗೆ ಓದಿದ ಅವರು, ಅದರ ಸ್ಥಾಪಕ ಸೆಸಿಲ್ ವಿಲಿಯಮ್ಸನ್‌ಗೆ ಪತ್ರ ಬರೆದರು. ಪತ್ರ ಗಾರ್ಡ್ನರ್ ಕೈಸೇರಿತು. ಗಾರ್ಡ್ನರ್ ತಕ್ಷಣ ದೀಕ್ಷೆ ಕೊಡಲಿಲ್ಲ. ಮೊದಲ ಭೇಟಿಯಲ್ಲಿ ಅವರು ಕೊಟ್ಟದ್ದು 1949ರಲ್ಲಿ ತಾವು ಬರೆದಿದ್ದ ಕಾದಂಬರಿಯೊಂದನ್ನು. ನಗ್ನರಾಗಿ ಆಚರಿಸುವ ವಿಧಿಗಳ ವರ್ಣನೆ ಅದರಲ್ಲಿದ್ದು, ಓದಿದವರ ಮನಸ್ಸು ಹೇಗೆ ಪ್ರತಿಕ್ರಿಯಿಸುತ್ತದೆಂದು ತಿಳಿಯುವುದು ಅವರ ಉಪಾಯವಾಗಿತ್ತು. ಮುಂದಿನ ವರ್ಷ ದೀಕ್ಷೆಯಾಯಿತು. ವ್ಯಾಲಿಯೆಂಟೆ ಕೂಟದ ಪ್ರಧಾನ ಅರ್ಚಕಿಯಾದರು, ವಿಧಿಗ್ರಂಥವನ್ನು ತಿದ್ದಿ ಬರೆದರು. ಆದರೆ ಗಾರ್ಡ್ನರ್ ಅವರ ಪ್ರಚಾರಪ್ರಿಯತೆ ಅವರಿಗೆ ಹಿಡಿಸಲಿಲ್ಲ. ಅದನ್ನು ಪ್ರಶ್ನಿಸಿದಾಗ ಗಾರ್ಡ್ನರ್ ‘ಪ್ರಾಚೀನ ಶಾಸನ’ಗಳೆಂಬ ನಿಯಮಾವಳಿಯೊಂದನ್ನು ಮುಂದಿಟ್ಟರು. ವಯಸ್ಸಾದ ಅರ್ಚಕಿ ಕಿರಿಯಳಿಗೆ ಸ್ಥಾನ ಬಿಟ್ಟುಕೊಡಬೇಕೆಂಬುದು ಅದರಲ್ಲೊಂದು. ಇವು ಗಾರ್ಡ್ನರ್ ಅವರ ಸ್ವಂತ ಸೃಷ್ಟಿಯೆಂದು ಮನಗಂಡ ವ್ಯಾಲಿಯೆಂಟೆ 1957ರಲ್ಲಿ ಕೂಟವನ್ನು ತೊರೆದರು, ಪಂಥವನ್ನಲ್ಲ.

ಶಿಕ್ಷಣ ನಡೆಯುವುದು ‘ಕವೆನ್’ ಎಂಬ ಸಣ್ಣ ಕೂಟದಲ್ಲಿ. ಹೆಚ್ಚೆಂದರೆ ಹದಿಮೂರು ಮಂದಿ ಎಂಬುದು ರೂಢಿ. ಹೊಸಬರನ್ನು ಮೊದಲು ಹೊರವಲಯದಲ್ಲಿ ಇರಿಸಿಕೊಳ್ಳುವ ಕೂಟಗಳು ಅನೇಕ. ‘ಒಂದು ವರ್ಷ ಮತ್ತು ಒಂದು ದಿನ’ ಎಂಬುದು ಹಲವೆಡೆ ಕಾಯಬೇಕಾದ ಅವಧಿ. ವರ್ಷದ ಎಂಟು ಹಬ್ಬಗಳು, ಹುಣ್ಣಿಮೆಯ ಪೂಜೆ, ಮಂಡಲ ರಚನೆ, ಧ್ಯಾನ ಇವೇ ಆಗಿನ ಪಾಠಗಳು. ದೀಕ್ಷೆಯಲ್ಲಿ ಮೂರು ಹಂತಗಳಿವೆ. ಪುರುಷನಿಗೆ ಸ್ತ್ರೀ, ಸ್ತ್ರೀಗೆ ಪುರುಷ ದೀಕ್ಷೆ ನೀಡುವುದು ಗಾರ್ಡ್ನರ್ ಪರಂಪರೆಯ ಪದ್ಧತಿ. ದೀಕ್ಷಿತರು ‘ಬುಕ್ ಆಫ್ ಶ್ಯಾಡೋಸ್’ ಎಂಬ ವಿಧಿಗ್ರಂಥವನ್ನು ಗುರುವಿನ ಪ್ರತಿಯಿಂದ ಕೈಬರಹದಲ್ಲಿ ನಕಲು ಮಾಡಿಕೊಳ್ಳಬೇಕು. ಮೇಲಿನ ಹಂತ ತಲುಪಿದವರು ಬೇರೆಯಾಗಿ ಹೊಸ ಕೂಟ ಕಟ್ಟಬಹುದು. ಜೇನುಹಿಂಡು ಒಡೆದು ಹೊಸ ಗೂಡಿಗೆ ಹೋಗುವುದಕ್ಕೆ ಇದನ್ನು ಹೋಲಿಸುತ್ತಾರೆ.

ಎಲ್ಲರಿಗೂ ಕೂಟ ಸಿಗುವುದಿಲ್ಲ. ಗಾರ್ಡ್ನರ್ ಪರಂಪರೆಯನ್ನು ಅಮೆರಿಕಕ್ಕೆ ಒಯ್ದ ರೇಮಂಡ್ ಬಕ್ಲೆಂಡ್ ಅವರೇ ಮುಂದೆ ‘ಸೀಕ್ಸ್-ವಿಕಾ’ ಎಂಬ ಶಾಖೆಯನ್ನು ಸ್ಥಾಪಿಸಿ, ಸ್ವಯಂದೀಕ್ಷೆಗೆ ಅವಕಾಶ ನೀಡಿದರು. ಅದರ ಗ್ರಂಥ 1974ರಲ್ಲಿ ಬಂದಿತು. ಸ್ಕಾಟ್ ಕನಿಂಗ್‌ಹ್ಯಾಮ್ ಅವರ 1988ರ ಕೈಪಿಡಿ ಏಕಾಂಗಿ ಸಾಧಕರಿಗೆಂದೇ ಬರೆದದ್ದು. ಪರಂಪರೆಯ ಕೂಟಗಳು ಸ್ವಯಂದೀಕ್ಷೆಯನ್ನು ತಮ್ಮ ದೀಕ್ಷೆಗೆ ಸಮವೆಂದು ಒಪ್ಪವು. ಈ ಜಗಳ ಬೇಗ ಮುಗಿಯುವಂಥದ್ದಲ್ಲ.

ಎಚ್ಚರಿಕೆಯ ವಿಷಯಕ್ಕೆ ಬರೋಣ. ಗೌಪ್ಯದ ಪ್ರಮಾಣ, ನಗ್ನ ಆಚರಣೆ, ಮೂರನೆಯ ಹಂತದ ದೀಕ್ಷೆಯಲ್ಲಿ ದಾಂಪತ್ಯದ ಸಂಕೇತ ಇವೆಲ್ಲ ಇರುವ ಪಂಥದಲ್ಲಿ ವಂಚಕನಿಗೆ ಅವಕಾಶ ಸುಲಭ. ಮಾಟಕೂಟದ ಹೆಸರಿನಲ್ಲಿ ಬಾಲಕಿಯರ ಮೇಲೆ ದೌರ್ಜನ್ಯ ನಡೆಸಿದ ಇಬ್ಬರಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 2012ರಲ್ಲಿ ಸೆರೆವಾಸವಾಯಿತು. ದಾಂಪತ್ಯದ ವಿಧಿಯನ್ನು ಪಾತ್ರೆ ಮತ್ತು ಕಠಾರಿಯಿಂದ ಸಾಂಕೇತಿಕವಾಗಿ ನೆರವೇರಿಸಬಹುದು. ದೀಕ್ಷೆಗಾಗಿ ದೇಹಸಂಬಂಧ ಅನಿವಾರ್ಯವೆನ್ನುವವನಿಂದ ದೂರವಿರಬೇಕು. ದೀಕ್ಷೆಗೆ ಹಣ ಪಡೆಯಬಾರದೆಂಬುದು ಗಾರ್ಡ್ನರ್ ಪರಂಪರೆಯ ಕಟ್ಟುನಿಟ್ಟಿನ ನಿಯಮ. ಮೇಣದಬತ್ತಿ, ಊಟದ ಖರ್ಚನ್ನು ಹಂಚಿಕೊಳ್ಳುವುದು ಬೇರೆ ಮಾತು. ಬಹುತೇಕ ಕೂಟಗಳು ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಅಮೆರಿಕದ ಐಸಾಕ್ ಬೊನೆವಿಟ್ಸ್ 1979ರಲ್ಲಿ ಪ್ರಕಟಿಸಿದ ಅಳತೆಪಟ್ಟಿ ಇಂದಿಗೂ ಉಪಯುಕ್ತ: ನಾಯಕನ ಹಿಡಿತ, ಹಣದಾಸೆ, ಲೈಂಗಿಕ ಒತ್ತಡ, ಬಿಟ್ಟುಹೋಗುವವರಿಗೆ ಅಡ್ಡಿ ಮುಂತಾದವಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಗುಂಪನ್ನು ತೂಗಬಹುದು.

ಬ್ರಿಟನ್ನಿನಲ್ಲಿ ಹುಡುಕಾಟಕ್ಕೆ ತೊಡಗುವವರು ಸಾಮಾನ್ಯವಾಗಿ ಹೋಗುವುದು ಪಬ್‌ಗಳಲ್ಲಿ ನಡೆಯುವ ‘ಮೂಟ್’ ಎಂಬ ಬಹಿರಂಗ ಸಭೆಗಳಿಗೆ, ಅಥವಾ 1971ರಲ್ಲಿ ಸ್ಥಾಪನೆಯಾದ ಪೇಗನ್ ಫೆಡರೇಷನ್ನಿನ ಸಮಾವೇಶಗಳಿಗೆ. ಗುರುವನ್ನು ನಾಲ್ಕು ಜನರ ನಡುವೆ ನೋಡಲು ಇದು ಅನುಕೂಲ. ಭಾರತದಲ್ಲಿ ಈ ಪಂಥದ ಹೆಸರಾಂತ ಪ್ರತಿನಿಧಿ ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ. 1980ರ ದಶಕದಲ್ಲಿ ತಾವು ‘ವಿಚ್’ ಎಂದು ಬಹಿರಂಗವಾಗಿ ಘೋಷಿಸಿದ ಅವರು, ‘ಡಾಯನ್’ ಎಂಬ ಹಣೆಪಟ್ಟಿಗೆ ಬಲಿಯಾಗುವ ಹಳ್ಳಿಯ ಹೆಂಗಸರ ಪರವಾಗಿಯೂ ದನಿ ಎತ್ತಿದವರು.