ಬರಹ ಹುಕುಂ ಆಗುವುದು ಯಾವಾಗ?

ಕಾಗದದ ಮೇಲೆ ಬರೆದದ್ದೆಲ್ಲ ಹುಕುಂ ಆಗುವುದಿಲ್ಲ. ಅದರ ಮೇಲೆ ಅಧಿಕಾರ ಇದ್ದವರ ಮೊಹರು ಬೀಳಬೇಕು. ಮೊಹರಿಲ್ಲದ ಫರ್ಮಾನು ಎಷ್ಟೇ ಚಂದದ ಅಕ್ಷರದಲ್ಲಿದ್ದರೂ ಬರೀ ಕಾಗದ. ಹಳೆಯ ದಫ್ತರಗಳಿಂದ ಹಿಡಿದು ಇಂದಿನ ತಾಲ್ಲೂಕು ಕಚೇರಿಯ ತನಕ ಇದು ನಾವೆಲ್ಲರೂ ಬಲ್ಲ ಮಾತು. ಆದರೆ ನಮ್ಮ ಮನೆಗಳಿಗೆ ಬಂದ ಕಂಪ್ಯೂಟರು ಈ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನಾವು ಕೇಳಿದ್ದು ಕಡಿಮೆ. ಅದರೊಳಗೂ ಎರಡು ಬಗೆಯ ಫೈಲುಗಳಿವೆ. ಕೆಲವು ಓದಲಿಕ್ಕಷ್ಟೇ ಇರುವಂಥವು. ಇನ್ನು ಕೆಲವು ತೆರೆದೊಡನೆ ಯಂತ್ರವು ಆಜ್ಞೆಯೆಂದು ಪಾಲಿಸುವಂಥವು. ಯಾವುದು ಯಾವ ಬಗೆಯದು ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಗೆ ಅರ್ಧ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ದೊಡ್ಡ ನಷ್ಟ ಬಿದ್ದದ್ದು, ಇಂಥದೊಂದು ಪ್ರಶ್ನೆ ಇದೆಯೆಂದೇ ತಿಳಿಯದ ಸಾಮಾನ್ಯ ಬಳಕೆದಾರರ ಪಾಲಿಗೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಕೆಲಸ ಆರಂಭಿಸಿದರು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲ ಅದು. ಹಂಚಿಕೊಂಡ ಮನೆಯಲ್ಲಿ ಯಾರ ಪೆಟ್ಟಿಗೆ ಯಾರು ಮುಟ್ಟಬಹುದು ಎಂಬ ಕಟ್ಟಳೆ ಬೇಕೇ ಬೇಕು. ಆದ್ದರಿಂದ ಯುನಿಕ್ಸ್‌ನಲ್ಲಿ ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ. ಓದಲು, ಬರೆಯಲು, ನಡೆಸಲು ಹೀಗೆ ಮೂರು ಪರವಾನಗಿಗಳನ್ನು ಆತ ಬೇರೆಬೇರೆಯಾಗಿ ಕೊಡಬಹುದು, ಕೊಡದೆಯೂ ಇರಬಹುದು. ಈ ಪರವಾನಗಿ ಬದಲಿಸುವ 'ಸಿಎಚ್‌ಮಾಡ್' ಎಂಬ ಆಜ್ಞೆ 1971ರ ಮೊದಲ ಕೈಪಿಡಿಯಲ್ಲಿಯೇ ಇದೆ. ಫೈಲಿನ ಹೆಸರು ಏನೇ ಇರಲಿ, ನಡೆಸುವ ಪರವಾನಗಿ ಇಲ್ಲದಿದ್ದರೆ ಅದನ್ನು ಆಜ್ಞೆಯೆಂದು ಕರೆದಾಗ ಯಂತ್ರ ಒಪ್ಪುವುದಿಲ್ಲ. ಇದೇ ಅದರ ಮೊಹರು.

ಪರವಾನಗಿಯೊಂದೇ ಸಾಲದು, ಫೈಲು ಯಾವ ಭಾಷೆಯಲ್ಲಿದೆ ಎಂಬುದೂ ಯಂತ್ರಕ್ಕೆ ತಿಳಿಯಬೇಕು. ಯಂತ್ರಭಾಷೆಯ ಫೈಲುಗಳ ಆರಂಭದಲ್ಲಿ ಗುರುತಿನ ಸಂಖ್ಯೆಯೊಂದು ಇರುತ್ತಿತ್ತು. ಆದರೆ ಸ್ಕ್ರಿಪ್ಟ್ ಎನ್ನುವುದು ಮನುಷ್ಯರು ಓದಬಲ್ಲ ಬರಹ. ಅದನ್ನು ಸಾಲುಸಾಲಾಗಿ ಓದಿ ಯಂತ್ರಕ್ಕೆ ತಿಳಿಸಲು ಒಬ್ಬ ದುಭಾಷಿ ಬೇಕು. ಮೊದಮೊದಲು ಗುರುತಿನ ಸಂಖ್ಯೆ ಕಾಣದಿದ್ದರೆ 'ಶೆಲ್' ಎಂಬ ದುಭಾಷಿ, ಇದು ನನ್ನ ಭಾಷೆಯೇ ಇರಬೇಕೆಂದು ಊಹಿಸಿ ಓದಿಬಿಡುತ್ತಿತ್ತು. ಬೇರೆ ಭಾಷೆಗಳು ಹುಟ್ಟಿಕೊಂಡಾಗ ಈ ಊಹೆ ಸಾಲದಾಯಿತು. 1980ರ ಜನವರಿಯಲ್ಲಿ ಡೆನಿಸ್ ರಿಚಿ ಸರಳವಾದ ಪರಿಹಾರ ಸೂಚಿಸಿದರು. ಫೈಲಿನ ಮೊದಲೆರಡು ಅಕ್ಷರ '#!' ಆಗಿದ್ದರೆ, ಆ ಸಾಲಿನಲ್ಲಿ ಮುಂದಿರುವುದು ದುಭಾಷಿಯ ಹೆಸರು. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್, ಗೈಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಮುಂತಾದ ಸ್ಕ್ರಿಪ್ಟ್ ಭಾಷೆಗಳು ಯುನಿಕ್ಸ್ ಲೋಕದಲ್ಲಿ ಬೆಳೆದದ್ದು ಈ ಒಂದು ಸಾಲಿನ ಆಸರೆಯಲ್ಲಿ.

ಇತ್ತ ಇನ್ನೊಂದು ವಂಶವೂ ಬೆಳೆಯುತ್ತಿತ್ತು. 1974ರಲ್ಲಿ ಗ್ಯಾರಿ ಕಿಲ್ಡಾಲ್ ಪುಟ್ಟ ಯಂತ್ರಗಳಿಗಾಗಿ ಸಿಪಿ/ಎಂ ರೂಪಿಸಿದರು. ಅಲ್ಲಿ ಯಂತ್ರದ ಮುಂದೆ ಕೂರುವವರು ಒಬ್ಬರೇ. ಹಂಚಿಕೆಯಿಲ್ಲದ ಮೇಲೆ ಪರವಾನಗಿ ಯಾಕೆ? ಫೈಲಿನ ಹೆಸರಿಗೆ ಎಂಟು ಅಕ್ಷರ, ಅದರ ಬಾಲಕ್ಕೆ ಮೂರು ಅಕ್ಷರ. ಬಾಲ 'ಕಾಮ್' ಆಗಿದ್ದರೆ ಅದು ಆಜ್ಞೆ. 1981ರಲ್ಲಿ ಬಂದ ಎಂಎಸ್-ಡಾಸ್ ಇದೇ ಪದ್ಧತಿ ಮುಂದುವರಿಸಿ 'ಇಎಕ್ಸ್‌ಇ', 'ಬ್ಯಾಟ್' ಎಂಬ ಬಾಲಗಳನ್ನೂ ಸೇರಿಸಿಕೊಂಡಿತು. ಡಾಸ್‌ನಲ್ಲಿ ಫೈಲಿಗೆ 'ಓದಲು ಮಾತ್ರ', 'ಅಡಗಿಸಿದ್ದು' ಎಂಬ ಗುರುತುಗಳಿದ್ದವು. 'ನಡೆಸಬಹುದು' ಎಂಬ ಗುರುತೇ ಇರಲಿಲ್ಲ. ಹೆಸರಿನ ಬಾಲವೇ ಮೊಹರಾಯಿತು. ಮೊಹರಿಗೂ ಬಾಲಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಮೊಹರನ್ನು ಒಡೆಯ ಒತ್ತುತ್ತಾನೆ. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಇದರ ಪರಿಣಾಮ ಬೇಗನೆ ಕಾಣಿಸಿತು. ಒಂದೇ ಹೆಸರಿನ ಎರಡು ಫೈಲುಗಳಿದ್ದರೆ ಡಾಸ್ 'ಇಎಕ್ಸ್‌ಇ'ಗಿಂತ ಮೊದಲು 'ಕಾಮ್' ಬಾಲದ್ದನ್ನು ನಡೆಸುತ್ತಿತ್ತು. ವೈರಸ್ ಬರೆಯುವವರು ನಿಜವಾದ ಪ್ರೋಗ್ರಾಮಿನ ಪಕ್ಕದಲ್ಲೇ ಅದೇ ಹೆಸರಿನ 'ಕಾಮ್' ಫೈಲು ಇಟ್ಟು ಮೋಸ ಮಾಡಿದರು. ಆ ಮೇಲೆ 1995ರ ವಿಂಡೋಸ್ ಬಂತು. ಪರದೆ ಚೊಕ್ಕಟವಾಗಿ ಕಾಣಲೆಂದು ಅದು ಪರಿಚಿತ ಬಾಲಗಳನ್ನು ಕಣ್ಣಿಗೆ ಬೀಳದಂತೆ ಮರೆಮಾಡಿತು. 1998ರ ವಿಂಡೋಸ್‌ನೊಂದಿಗೆ ಸ್ಕ್ರಿಪ್ಟ್ ಓದುವ ದುಭಾಷಿಯೂ ಮನೆಮನೆಗೆ ಬಂತು. 'ವಿಬಿಎಸ್' ಬಾಲದ ಬರಹವನ್ನು ಎರಡು ಸಲ ಒತ್ತಿದರೆ ಸಾಕು, ಅದು ನಡೆಯುತ್ತಿತ್ತು. ತೀರ್ಪು ಬಾಲದ್ದು, ಬಾಲ ಮಾತ್ರ ಪರದೆಯ ಹಿಂದೆ! ಈ ಎರಡೂ ಸೇರಿದಾಗ ಅನಾಹುತಕ್ಕೆ ಬೇರೇನು ಬೇಕು?

2000ದ ಮೇ 4ರಂದು ಆ ಅನಾಹುತ ನಡೆಯಿತು. 'ಐ ಲವ್ ಯು' ಎಂಬ ತಲೆಬರಹದ ಮಿಂಚಂಚೆ ಫಿಲಿಪ್ಪೀನ್ಸ್‌ನ ಮನಿಲಾದಿಂದ ಹೊರಟು ಪ್ರಪಂಚ ಸುತ್ತಿತು. ಜೊತೆಗಿದ್ದ ಫೈಲಿನ ಹೆಸರಿಗೆ ಎರಡು ಬಾಲ: ಮೊದಲನೆಯದು ಬರೀ ಬರಹವನ್ನು ಸೂಚಿಸುವ 'ಟಿಎಕ್ಸ್‌ಟಿ', ಕೊನೆಯದು 'ವಿಬಿಎಸ್'. ವಿಂಡೋಸ್ ಕೊನೆಯದನ್ನು ಮುಚ್ಚಿಟ್ಟಿದ್ದರಿಂದ ಜನರಿಗೆ ಕಂಡದ್ದು ಒಂದು ಪ್ರೇಮಪತ್ರ. ತೆರೆದವರ ಯಂತ್ರದಲ್ಲಿ ಅದು ಚಿತ್ರಗಳ ಮೇಲೆ ತನ್ನನ್ನೇ ಬರೆದುಕೊಂಡಿತು. ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನ ಪ್ರತಿ ಕಳಿಸಿತು. ಬ್ರಿಟನ್ನಿನ ಸಂಸತ್ತು ತನ್ನ ಮಿಂಚಂಚೆಯನ್ನೇ ನಿಲ್ಲಿಸಬೇಕಾಯಿತು. ಇಂಥ ಕೃತ್ಯಕ್ಕೆ ಅಂದು ಫಿಲಿಪ್ಪೀನ್ಸ್‌ನಲ್ಲಿ ಕಾನೂನೇ ಇರಲಿಲ್ಲ. ಜೂನ್‌ನಲ್ಲಿ ಕಾನೂನು ಬಂದರೂ ಹಿಂದಿನದಕ್ಕೆ ಅನ್ವಯಿಸದೆ, ಆಗಸ್ಟ್‌ನಲ್ಲಿ ಆರೋಪ ಕೈಬಿಡಲಾಯಿತು. ಎಲ್ಲರೂ ತೆರೆದವರನ್ನೇ ದೂರಿದರು: ಗೊತ್ತಿಲ್ಲದ ಪತ್ರ ಯಾಕೆ ತೆರೆದಿರಿ? ಆದರೆ ಪತ್ರ ಬಂದದ್ದು ಪರಿಚಿತರ ಹೆಸರಿನಿಂದಲೇ. ಪತ್ರವನ್ನು ಓದಲು ತೆರೆಯುವುದು ತಪ್ಪೇ? ಓದಲೆಂದು ತೆರೆದದ್ದನ್ನು ಹುಕುಂ ಎಂದು ನಡೆಸಿದ ವ್ಯವಸ್ಥೆಯನ್ನು ಕೇಳಿದವರು ಕಡಿಮೆ.

ಈ ಎರಡು ಲೋಕಗಳ ನಡುವೆ ಸಿಕ್ಕಿಕೊಂಡದ್ದು ಸ್ಕ್ರಿಪ್ಟ್ ಭಾಷೆಗಳು. ಎರಡು ಭಾಷೆಗಳಲ್ಲಿ ಬದುಕುವ ನಮ್ಮಂಥವರಿಗೆ ಅವುಗಳ ಪಾಡು ಅರ್ಥವಾಗುತ್ತದೆ. ಒಂದರ ಮಾತಿಗೆ ಇನ್ನೊಂದರಲ್ಲಿ ಸರಿಯಾದ ಪದವೇ ಸಿಗುವುದಿಲ್ಲ. 'ಈ ಫೈಲು ನಡೆಸಬಹುದಾದದ್ದೇ?' ಎಂದು ಪೈಥಾನ್ ಯುನಿಕ್ಸ್‌ನಲ್ಲಿ ಕೇಳಿದರೆ ಪರವಾನಗಿ ನೋಡಿ ಉತ್ತರ ಬರುತ್ತದೆ. ವಿಂಡೋಸ್‌ನಲ್ಲಿ ಅದೇ ಪ್ರಶ್ನೆಯನ್ನು ಒಂದು ರೀತಿ ಕೇಳಿದರೆ, ಇರುವ ಫೈಲಿಗೆಲ್ಲ 'ಹೌದು' ಎಂಬ ಉತ್ತರ. ಇನ್ನೊಂದು ರೀತಿ ಕೇಳಿದರೆ ಬಾಲ ನೋಡಿ, ಇಲ್ಲದ ಪರವಾನಗಿಯನ್ನು ಇದೆಯೆಂದು ತೋರಿಸುತ್ತದೆ. ಪರ್ಲ್, ರೂಬಿ ಭಾಷೆಗಳೂ ಅಲ್ಲಿ ಬಾಲವನ್ನೇ ನೆಚ್ಚಿಕೊಂಡಿವೆ. ವಿಂಡೋಸ್ ಎನ್‌ಟಿ ವಂಶದಲ್ಲಿ ಪರವಾನಗಿಯ ವ್ಯವಸ್ಥೆ ಇಲ್ಲವೆಂದಲ್ಲ. ಆದರೆ ನಡೆಸುವ ಹಕ್ಕು ಸಾಮಾನ್ಯವಾಗಿ ಎಲ್ಲ ಫೈಲುಗಳಿಗೂ ತಾನಾಗಿಯೇ ಸಿಕ್ಕಿಬಿಡುತ್ತದೆ. ಎಲ್ಲರಿಗೂ ಒತ್ತಿದ ಮೊಹರಿಗೆ ಬೆಲೆಯೆಲ್ಲಿ? 2012ರಲ್ಲಿ ಪೈಥಾನ್ 3.3 ವಿಂಡೋಸ್‌ಗೆಂದು ಪುಟ್ಟ ಸಹಾಯಕನೊಂದನ್ನು ತಂದಿತು. ಅದು ಸ್ಕ್ರಿಪ್ಟಿನ '#!' ಸಾಲನ್ನು ಓದಿ ತಕ್ಕ ಪೈಥಾನನ್ನು ಆರಿಸುತ್ತದೆ. ರಿಚಿಯ ಸಾಲು ಹೀಗೆ 32 ವರ್ಷಗಳ ನಂತರ ಆ ಲೋಕಕ್ಕೂ ದಾಟಿತು.

ಯುನಿಕ್ಸ್ ಪದ್ಧತಿ ದೋಷರಹಿತ ಎಂದು ನಾವು ಹೇಳುತ್ತಿಲ್ಲ. ಪರವಾನಗಿ ಇದ್ದ ಮಾತ್ರಕ್ಕೆ ಬರಹ ಒಳ್ಳೆಯದಾಗುವುದಿಲ್ಲ. ಮೊಹರು ಬಿದ್ದ ಕೆಟ್ಟ ಹುಕುಂಗಳೂ ಇವೆ. ದುಭಾಷಿಯ ಕೈಗೆ ನೇರವಾಗಿ ಕೊಟ್ಟರೆ ಪರವಾನಗಿಯಿಲ್ಲದ ಸ್ಕ್ರಿಪ್ಟನ್ನೂ ಅದು ಓದಿ ನಡೆಸುತ್ತದೆ. ಈ ಕೊರತೆ ತುಂಬಲೆಂದೇ ಫೈಲು ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಸೇರಿಕೊಂಡಿತು. ವಿಂಡೋಸ್ ಎಕ್ಸ್‌ಪಿ 2004ರ ಪರಿಷ್ಕರಣೆಯಲ್ಲಿ ಅಂತರ್ಜಾಲದಿಂದ ಬಂದ ಫೈಲುಗಳಿಗೆ ಗುರುತು ಹಾಕಿ ಎಚ್ಚರಿಸತೊಡಗಿತು. 2023ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಬಿಸ್ಕ್ರಿಪ್ಟ್ ಭಾಷೆಯನ್ನೇ ಹಂತಹಂತವಾಗಿ ಕೈಬಿಡುವುದಾಗಿ ಪ್ರಕಟಿಸಿತು. ಆದರೂ ಹೊಸ ವಿಂಡೋಸ್ ಇಂದಿಗೂ ಪರಿಚಿತ ಬಾಲಗಳನ್ನು ತಾನಾಗಿ ತೋರಿಸುವುದಿಲ್ಲ. ನಾವೇ ಹೋಗಿ ತೋರಿಸುವಂತೆ ಆಯ್ಕೆ ಮಾಡಬೇಕು. ಓದುಗರು ಇಂದೇ ಆ ಕೆಲಸ ಮಾಡಿಕೊಳ್ಳುವುದು ಒಳ್ಳೆಯದು.

ಸಲೀಸು ಎಂಬ ಕಾರಣಕ್ಕೆ ಪರವಾನಗಿಯನ್ನು ಬಿಟ್ಟುಕೊಟ್ಟವರು ಯಂತ್ರ ರೂಪಿಸಿದವರು. ಅದರ ಬೆಲೆ ತೆತ್ತವರು ಅದನ್ನು ಬಳಸಿದವರು. ನಮ್ಮ ಹೆಸರಿನಲ್ಲಿ ನಡೆಯುವ ಹುಕುಂಗೆ ನಮ್ಮ ಒಪ್ಪಿಗೆ ಬೇಕು ಎಂಬುದು ಕಂಪ್ಯೂಟರಿನ ಮಾತು ಮಾತ್ರ ಅಲ್ಲ. ಒಪ್ಪಿಗೆ ಕೊಡಬೇಕಾದರೆ ಏನಕ್ಕೆ ಕೊಡುತ್ತಿದ್ದೇವೆ ಎಂಬುದು ಮೊದಲು ಕಣ್ಣಿಗೆ ಕಾಣಬೇಕು.