ಮಾಳಿಗೆಯ ಮೇಲೆ ಬಾಗಿದ ಕೊಂಬೆ

ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಸೀಮೆಯ ಹಳೆಯ ಮನೆ ಎಂದರೆ ಮಾಳಿಗೆ ಮನೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬಂದರೆ ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು, ಕೊನೆಗೆ ನೀರಿಳಿಯದಂತೆ ಸವಳು ಮಣ್ಣಿನ ಪದರ. ಮುಂಗಾರಿಗೆ ಮೊದಲು ಹೊಸ ಸವಳು ಹಾಕಿದರೆ ಆ ವರ್ಷ ಮನೆ ಸೋರದು. ಬಿಸಿಲಿಗೆ ಒಣಗುವಷ್ಟು ಕಾಲ ಮಾಳಿಗೆ ಗಟ್ಟಿ. ಹಿತ್ತಲಿನ ಹುಣಸೆಯೋ ಮಾವೋ ಅದರ ಮೇಲೆ ಕೈ ಚಾಚಿತೆಂದರೆ ಕೇಡು ಶುರುವಾಯಿತು. ಉದುರಿದ ಎಲೆ ನೀರು ಹೋಗುವ ದೋಣಿಗೆ ಸಿಕ್ಕಿಕೊಂಡು ಮಳೆನೀರು ಅಲ್ಲೇ ನಿಲ್ಲುತ್ತದೆ. ಮಳೆ ಬಿಟ್ಟ ಮೇಲೂ ಕೊಂಬೆಯ ಹನಿ ಒಂದೇ ಜಾಗಕ್ಕೆ ಬಿದ್ದು ಸವಳಿನಲ್ಲಿ ಕುಳಿ ತೋಡುತ್ತದೆ. ನೆರಳಲ್ಲಿ ಹಸಿಯಾಗೇ ಉಳಿದ ಮಣ್ಣಿನಲ್ಲಿ ಹುಲ್ಲು ಹುಟ್ಟುತ್ತದೆ, ಹುಲ್ಲಿನ ಬೇರು ಹಿಡಿದು ನೀರಿಳಿಯುತ್ತದೆ, ಜಂತೆಗೆ ಗೆದ್ದಲು ಹತ್ತುತ್ತದೆ. ಬೆಳಕಿಂಡಿಗೆ ನೆರಳು ಕವಿದು ಒಳಮನೆ ಹಗಲಲ್ಲೇ ಕತ್ತಲಾಗುತ್ತದೆ.

ಹಾಗಾಗಿ ಕೊಂಬೆ ಸವರುವುದು ಇಲ್ಲಿ ತೋಟದ ಕೆಲಸವಾಗುವ ಮೊದಲೇ ಮನೆ ರಿಪೇರಿಯ ಕೆಲಸವಾಗಿತ್ತು.

ಶಾಸ್ತ್ರ ಕೇಳಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. 6ನೇ ಶತಮಾನದಲ್ಲಿ ವರಾಹಮಿಹಿರ ತನ್ನ ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಹಣ್ಣಿನ ಮರ ಮನೆಗೆ ಒತ್ತಿಕೊಂಡು ಬೆಳೆಯಬಾರದೆಂದ. ಮುಳ್ಳಿನ ಮರ ಶತ್ರುಭಯ ತರುತ್ತದೆ, ಹಾಲು ಸುರಿಸುವ ಮರ ಹಣ ಕಳೆಯುತ್ತದೆ, ಹಣ್ಣಿನ ಮರ ಸಂತಾನಕ್ಕೆ ಕೇಡು ಎಂದ. ಆದರೆ ಜನರನ್ನು ಬಲ್ಲವನು ಆತ. ಕಡಿಯಲು ಮನಸ್ಸು ಬಾರದಿದ್ದರೆ ನಡುವೆ ಬಕುಲ, ಅಶೋಕ, ಶಮಿಯಂಥ ಶುಭದ ಮರ ನೆಡಿ ಎಂದು ದಾರಿಯನ್ನೂ ಬಿಟ್ಟ. ಆ ಪಟ್ಟಿಯಲ್ಲಿ ಹಲಸೂ ಇರುವುದು ಗಮನಿಸಬೇಕಾದ ಸಂಗತಿ. ಕನ್ನಡದಲ್ಲಿ ಇಂಥ ವಿದ್ಯೆಗಳನ್ನೆಲ್ಲ ಒಂದೆಡೆ ತಂದದ್ದು ಚಾಲುಕ್ಯ ದೊರೆ ಜಯಸಿಂಹನ ಕಾಲದ ಚಾವುಂಡರಾಯ. ಅವನ ಲೋಕೋಪಕಾರದಲ್ಲಿ ವಾಸ್ತುವೂ ಇದೆ, ವೃಕ್ಷಾಯುರ್ವೇದವೂ ಇದೆ. ಮನೆ ಕಟ್ಟುವವನೂ ಮರ ಬೆಳೆಸುವವನೂ ಒಬ್ಬನೇ ಎಂಬ ತಿಳಿವು ಅದರಲ್ಲಿದೆ.

ಜನ ಮಾತ್ರ ಹಣ್ಣು ಬಿಡಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಗುಡ್ಡ ಹತ್ತಿ ನೋಡಿದಾಗ ಕಂಡದ್ದು ಮನೆಮನೆಯ ಹಿತ್ತಲಲ್ಲಿ ತೋಪು, ಅರಮನೆಯ ಮಗ್ಗುಲಲ್ಲೇ ತಾಳೆಮರ, ಹಣ್ಣಿನ ಮರ. ಮಾವು, ಹಲಸು, ಅಡಿಕೆ, ನಿಂಬೆ, ಕಿತ್ತಳೆ ಒಂದಕ್ಕೊಂದು ಒತ್ತಿ ಬೆಳೆದು ದಟ್ಟ ಕಾಡಿನಂತಿದ್ದವೆಂದು ಅವನು ಬರೆದಿಟ್ಟ. ಮರ ಮರಕ್ಕೆ ತಗುಲಿ ಬೇರು ಬೇರಿಗೆ ಹೆಣೆದರೆ ಫಲ ಕಡಿಮೆ, ನಡುವೆ 20 ಮೊಳ ಬಿಟ್ಟರೆ ಉತ್ತಮ, 12ಕ್ಕಿಂತ ಕಡಿಮೆ ಬೇಡ ಎಂದು ವರಾಹಮಿಹಿರ ಹೇಳಿದ್ದರೂ, ಪೇಟೆಯ ಹಿತ್ತಲಿನಲ್ಲಿ ಅಷ್ಟು ಮೊಳ ಎಲ್ಲಿಂದ ತರುವುದು? ಜಾಗ ಇಲ್ಲದ ಕಡೆ ಕುಡುಗೋಲೇ ಅಂತರ ಕಾಯಬೇಕು.

ಆ ಕುಡುಗೋಲಿಗೂ ಕಾಲವಿದೆ. ಮಾವಿನ ಹೂ ಬರುವುದು ಬಲಿತ ಕುಡಿಯ ತುದಿಯಲ್ಲಿ. ಕಾಯಿ ಇಳಿಸಿದ ಕೂಡಲೇ ಸವರಿದರೆ ಹೊಸ ಚಿಗುರು ಮಾಗಿಯ ಹೊತ್ತಿಗೆ ಬಲಿಯುತ್ತದೆ. ಮಾಗಿಯಲ್ಲೇ ಕಡಿದರೆ ಬರುವ ಬೇಸಿಗೆಗೆ ಉಪ್ಪಿನಕಾಯಿಗೂ ಮಾವಿಲ್ಲ. ಪ್ಯಾರಲ ಹೊಸ ಚಿಗುರಿನಲ್ಲೇ ಕಾಯುವುದರಿಂದ ಸವರಿದಷ್ಟೂ ಲಾಭ. ಬಳ್ಳಾರಿ ಸೀಮೆಯ ಅಂಜೂರವಂತೂ ವರ್ಷಕ್ಕೊಮ್ಮೆ ಕತ್ತರಿ ಕಾಣದಿದ್ದರೆ ಸೊರಗುತ್ತದೆ. ಈಚೆಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ದಾಳಿಂಬೆ ಬೆಳೆಗಾರರು ಚಾಟ್ನಿ ಎನ್ನುವುದೂ ಇದೇ ಕೆಲಸವನ್ನೇ, ಹಿತ್ತಲಿನಿಂದ ಹೊಲಕ್ಕೆ ಹೋದದ್ದಷ್ಟೇ ವ್ಯತ್ಯಾಸ.

ಕೈಗುಣವೂ ಬೇಕು. ದಪ್ಪ ಕೊಂಬೆಯನ್ನು ಮೇಲಿನಿಂದಲೇ ಕಡಿದರೆ ಅದು ತನ್ನ ಭಾರಕ್ಕೆ ಮುರಿಯುವಾಗ ತೊಗಟೆಯನ್ನು ಬುಡದವರೆಗೆ ಸೀಳಿಕೊಂಡು ಬರುತ್ತದೆ. ಮೊದಲು ಕೆಳಗಿನಿಂದ ಒಂದು ಗಾಯ, ಆಮೇಲೆ ತುಸು ಆಚೆಗೆ ಮೇಲಿನಿಂದ ಪೆಟ್ಟು, ಕೊನೆಗೆ ಉಳಿದ ಮೋಟು. ಕೊಂಬೆ ಮಾಳಿಗೆಯ ಮೇಲಿದ್ದರೆ ಹಗ್ಗ ಕಟ್ಟಿ ಇಳಿಸಬೇಕು. ಧೊಪ್ಪೆಂದು ಬಿದ್ದರೆ ಸವಳು ಬಿರಿಯುತ್ತದೆ. ರೋಗ ಹಿಡಿದ ಮರದ ಭಾಗವನ್ನು ಆಯುಧದಿಂದ ತೆಗೆದು ವಾಯುವಿಳಂಗ, ತುಪ್ಪ, ಕೆಸರು ಬಳಿಯಿರಿ ಎನ್ನುತ್ತದೆ ಬೃಹತ್ಸಂಹಿತೆ. ಇಂದು ಆ ಜಾಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ಮುಲಾಮು ಬಂದಿದೆ.

ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಗೆ ಇನ್ನೊಂದು ಬಗೆಯ ಹಣ್ಣಿನ ಮರದ ಕಾಟ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ಜನ ಹೊಗಳುವ ಇಂಥ ಕಲ್ಲುಗುಡಿಗಳಿಗೆ ಆಲ, ಅರಳಿಯ ಬೀಜ ಹಕ್ಕಿಯ ಹಿಕ್ಕೆಯಲ್ಲಿ ಬಂದು ಬೀಳುತ್ತದೆ. ಬೆರಳುದ್ದದ ಸಸಿಯಾಗಿದ್ದಾಗ ಬೇರುಸಮೇತ ಕಿತ್ತರೆ ಸರಿ. ತುದಿ ಮಾತ್ರ ಚಿವುಟುತ್ತ ಹೋದರೆ ಬೇರು ಸಂದಿಯೊಳಗೇ ದಪ್ಪವಾಗುತ್ತದೆ. ಆಮೇಲೆ ಅದನ್ನು ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಇಲ್ಲಿ ಪ್ರತಿ ಬೇಸಿಗೆಯ ಜಾತ್ರೆಯಲ್ಲಿ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಎಣ್ಣೆ ಜರಿಮಲೆ ಪಾಳೇಗಾರರ ಮನೆತನದಿಂದ ಬರುವುದು ಸಂಪ್ರದಾಯ. ಅದು ಭಕ್ತಿಯ ಆಚರಣೆ. ಆದರೂ ವರ್ಷಕ್ಕೊಮ್ಮೆ ಮನುಷ್ಯರು ಶಿಖರದ ತುದಿಯವರೆಗೆ ಏರಿ ಸಂದಿಗೊಂದಿಗಳನ್ನು ಹತ್ತಿರದಿಂದ ಕಾಣುವುದೇ ಕಟ್ಟಡಕ್ಕೆ ದೊಡ್ಡ ರಕ್ಷೆ.

ಕೊಂಬೆಯ ಜಗಳ ಲೋಕಕ್ಕೆಲ್ಲ ಹಳೆಯದು. ಕ್ರಿ.ಪೂ. 5ನೇ ಶತಮಾನದ ರೋಮಿನ ಹನ್ನೆರಡು ಫಲಕಗಳ ಶಾಸನ, ನೆರೆಯವನಿಗೆ ನೆರಳು ಬೀಳದಂತೆ ಮರವನ್ನು 15 ಅಡಿ ಎತ್ತರದವರೆಗೆ ಸವರಬೇಕೆಂದು ವಿಧಿಸಿತ್ತು. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಎದುರು ದಿಕ್ಕಿನಿಂದ ಬಂದದ್ದು: ಅದರ ವ್ಯಾಖ್ಯೆಯಲ್ಲಿ ಕೊಂಬೆ ಸವರುವುದೂ ಮರ ಕಡಿಯುವುದರಲ್ಲೇ ಸೇರುತ್ತದೆ.

ಈಗ ಮಾಳಿಗೆ ಇಳಿದು ಆರ್‌ಸಿಸಿ ಏರುತ್ತಿದೆ. ಎಲೆ ಬಿದ್ದರೂ ಹನಿ ತೊಟ್ಟಿಕ್ಕಿದರೂ ಕಾಂಕ್ರೀಟು ತಕ್ಷಣ ಸೋರುವುದಿಲ್ಲ, ಹಾಗಾಗಿ ವರ್ಷವರ್ಷ ಮರ ನೋಡುವ ರೂಢಿ ಸಡಿಲವಾಗಿದೆ. ಕೊಂಬೆ ವಿದ್ಯುತ್ ತಂತಿಗೆ ತಗುಲಿದಾಗ, ಗೋಡೆ ಬಿರುಕು ಬಿಟ್ಟಾಗ ಮಾತ್ರ ಮರದ ನೆನಪು. ಅಷ್ಟರಲ್ಲಿ ಅದು ಸವರುವ ಹಂತ ದಾಟಿರುತ್ತದೆ, ಗರಗಸ ನೇರ ಬುಡಕ್ಕೇ ಬೀಳುತ್ತದೆ. ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಬಲ್ಲವರು ಊರೂರಿನಲ್ಲಿ ಇನ್ನೂ ಇದ್ದಾರೆ. ಮುಂಗಾರಿಗೆ ಮೊದಲು ಅವರನ್ನು ಕರೆಯುವ ಮನೆಗಳು ಕಡಿಮೆಯಾಗಿವೆ.