ಎರೆಹೊಲದ ಒಡ್ಡೂ ಸರಕಾರದ ಬೊಕ್ಕಸವೂ

ಕೃಷ್ಣಾ ಘಟಪ್ರಭೆಗಳ ನಡುವಣ ಬೀಳಗಿಯ ಸೀಮೆಯಲ್ಲಿ ಎರೆಭೂಮಿಯ ಒಕ್ಕಲಿಗನು ನೆಚ್ಚಿರುವುದು ಹಿಂಗಾರಿಯ ಬಿಳಿಜೋಳವನ್ನು. ಆ ಬೆಳೆಯ ಬಾಳೆಲ್ಲ ಮಣ್ಣು ಹಿಡಿದಿಟ್ಟ ಹಸಿಯ ಮೇಲೆ ನಿಂತಿರುವುದು. ಮಳೆಯ ನೀರು ಹರಿದುಹೋದರೆ ಬಿತ್ತಿದ ಬೀಜವೂ ಹೋದಂತೆಯೇ. 1876-78ರ ಬರದಲ್ಲಿ ಈ ಸೀಮೆಯು ಕಲಾದಗಿ ಜಿಲ್ಲೆಗೆ ಸೇರಿದ್ದಿತು. ಮುಂಬಯಿ ಇಲಾಖೆಯಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಅದೂ ಒಂದು. ಇಂತಹ ನೆಲದಲ್ಲಿ ಹೊಸ ಸಾಗುವಳಿಯನ್ನು ಪರೀಕ್ಷಿಸಿ ನೋಡುವ ಗಂಡಾಂತರವನ್ನು ಹೊರತಕ್ಕವರು ಯಾರು? ಒಂದು ಪೀಕು ತಪ್ಪಿದರೆ ಎತ್ತು ಮಾರಬೇಕಾಗುವ ಮನೆಯಂತೂ ಹೊರಲಾರದು.

ಒಂದೊಂದು ದೇಶವು ಇದಕ್ಕೆ ಒಂದೊಂದು ಬಗೆಯ ಉತ್ತರವನ್ನು ಕೊಟ್ಟಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಲಾಸ್ ಎಂಬ ಜಮೀನುದಾರನು 1843ರಿಂದ ತನ್ನ ಸ್ವಂತ ಹಣದಿಂದಲೇ ಪ್ರಯೋಗಗಳನ್ನು ನಡೆಯಿಸಿದನು. ಅಮೇರಿಕೆಯು 1862ರಲ್ಲಿ ಕೃಷಿ ಕಾಲೇಜುಗಳಿಗೆ ಭೂಮಿಯನ್ನು ಕೊಟ್ಟು, 1887ರ ಕಾಯಿದೆಯಿಂದ ಒಂದೊಂದು ಸಂಸ್ಥಾನದ ಪ್ರಯೋಗಕ್ಷೇತ್ರಕ್ಕೂ ವರ್ಷಕ್ಕೆ 15,000 ಡಾಲರುಗಳನ್ನು ಗೊತ್ತುಪಡಿಸಿತು. 1914ರಲ್ಲಿ ಆ ತಿಳಿವನ್ನು ಹೊಲದವರೆಗೆ ಒಯ್ಯುವ ವೆಚ್ಚಕ್ಕೂ ಏರ್ಪಾಡಾಯಿತು. ಹಿಂದುಸ್ಥಾನದಲ್ಲಿ ಪೂಸಾ ಸಂಸ್ಥೆಯು 1905ರಲ್ಲಿ ಹುಟ್ಟಿತು. ಅದಕ್ಕೆ ಆಧಾರವಾದುದು ಹೆನ್ರಿ ಫಿಪ್ಸ್ ಎಂಬ ಅಮೇರಿಕೆಯ ಧನಿಕನ ದಾನ! ಲಿನ್‌ಲಿತ್‌ಗೋ ಆಯೋಗದ ಸಲಹೆಯ ಮೇರೆಗೆ 1929ರಲ್ಲಿ ಕೃಷಿ ಸಂಶೋಧನ ಮಂಡಲಿಯು ಏರ್ಪಟ್ಟ ಬಳಿಕವೇ ಒಣಬೇಸಾಯದ ಕಡೆಗೆ ಅಖಿಲ ಭಾರತದ ಹಣವು ಹರಿಯತೊಡಗಿತು.

ಆ ಮಂಡಲಿಯ ನೆರವಿನಿಂದ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹತಕಗಳಲ್ಲಿ ಕ್ಷೇತ್ರಗಳು ನೆಲೆಗೊಂಡವು, ಬಿಜಾಪುರದ್ದು 1933ರಲ್ಲಿ. ಐದರಲ್ಲಿ ನಾಲ್ಕು ದಖ್ಖನಿನ ಒಣನೆಲದವೇ ಆಗಿದ್ದುದು ಗಮನಾರ್ಹ. ಮುಂಬಯಿ ಪದ್ಧತಿಯೆಂದು ಹೆಸರಾದ ಸಾಗುವಳಿಯ ವಿಧಿಯು ಸರಳವಾದುದು. ಹೊಲಕ್ಕೆ ಒಡ್ಡು ಹಾಕಬೇಕು, ಮೂರು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆದು, ಉಳಿದಂತೆ ಕುಂಟೆಯಿಂದ ಹರಗಬೇಕು, ತಿಪ್ಪೆಗೊಬ್ಬರವನ್ನು ಹಾಕಬೇಕು, ಬೀಜವನ್ನು ಕಡಮೆ ಮಾಡಿ ಸಾಲುಗಳನ್ನು ಅಗಲವಾಗಿ ಬಿಡಬೇಕು, ಬೆಳೆಯು ಎದ್ದ ಮೇಲೆ ಮೂರು ನಾಲ್ಕು ಸಲ ಎಡೆ ಹೊಡೆಯಬೇಕು. ಬೀಜವನ್ನು ಕಡಮೆ ಮಾಡೆಂಬ ಮಾತು, ಬರಕ್ಕೆ ಹೆದರಿದ ಒಕ್ಕಲಿಗನಿಗೆ ವಿಪರೀತವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇಷ್ಟೆಲ್ಲ ಮಾಡಿದರೂ ಹೆಚ್ಚಿದ ಇಳುವರಿಯು ಅಲ್ಪವೇ. ಆಳದ ಉಳುಮೆಗೆ ಎತ್ತು ಬೇಕು, ಒಡ್ಡಿಗೆ ಕೂಲಿ ಬೇಕು. ಪದ್ಧತಿಯನ್ನು ಕಂಡುಹಿಡಿದ ಮಾತ್ರಕ್ಕೆ ಇವು ಮನೆಗೆ ಬಾರವು.

ಇಲ್ಲಿಯೇ ದೇಶದೇಶಗಳ ಅಂತರವು ಎದ್ದು ಕಾಣುವುದು. ಧೂಳಿನ ಬಿರುಗಾಳಿಗೆ ಸಿಕ್ಕ ಅಮೇರಿಕೆಯು 1935ರಲ್ಲಿ ಮಣ್ಣು ಕಾಯುವ ಇಲಾಖೆಯೊಂದನ್ನು ಕಟ್ಟಿ, ಮರುವರ್ಷ ಮಣ್ಣನ್ನು ಉಳಿಸಿದ ಒಕ್ಕಲಿಗನಿಗೆ ಹಣವನ್ನೇ ಕೊಡತೊಡಗಿತು. ಮುಂಬಯಿ ಸರಕಾರದ 1942ರ ಭೂಸುಧಾರಣೆಯ ಕಾಯಿದೆಯು ಒಡ್ಡು ಹಾಕಿಸಿ, ವೆಚ್ಚವನ್ನು ಹಿಡುವಳಿದಾರರಿಂದ ವಸೂಲು ಮಾಡುವುದಕ್ಕೆ ಎಡೆಗೊಟ್ಟಿತು. 1942-43ರಲ್ಲಿ ಬಿಜಾಪುರ ಜಿಲ್ಲೆಗೆ ಬರ ಬಂದಾಗ ಬರಗಾಲದ ಕಾಮಗಾರಿಯೆಂದು ಒಡ್ಡುಗಳು ಎದ್ದವು. ಹಸಿದವನ ಕೂಲಿಯಿಂದ ಹೊಲವು ಸುಧಾರಿಸಿತು. ನೆರೆಯ ಜಮಖಂಡಿ, ಮುಧೋಳಗಳಾದರೋ ಬೇರೆ ಸಂಸ್ಥಾನಗಳು. ಮುಂಬಯಿಯ ಕಾಯಿದೆಯು ಅಲ್ಲಿಗೆ ಸಲ್ಲುತ್ತಿರಲಿಲ್ಲ. ಮಣ್ಣನ್ನು ಕೊಚ್ಚುವ ನೀರಿಗೆ ಮಾತ್ರ ಸಂಸ್ಥಾನದ ಗಡಿಯು ತಿಳಿಯದು. 1948ರಲ್ಲಿ ಅವು ವಿಲೀನವಾಗುವವರೆಗೂ ಇದು ಹೀಗೆಯೇ ನಡೆಯಿತು.

ಅಖಿಲ ಭಾರತ ಒಣಬೇಸಾಯದ ಸಂಶೋಧನ ಯೋಜನೆಯು 1970ರಲ್ಲಿ ಕೆನಡಾ ದೇಶದ ನೆರವಿನೊಡನೆ ಮೊದಲಾದಾಗ ಬಿಜಾಪುರವು ಮತ್ತೆ ಒಂದು ಕೇಂದ್ರವಾಯಿತು. ಆಲಮಟ್ಟಿಯ ಹಿನ್ನೀರು ಮುಂದೆ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳ ಎರೆಭೂಮಿಯನ್ನು ಮುಳುಗಿಸಿತು. ಉಳಿದ ಹೊಲಗಳಲ್ಲಿ ನೀರು ದೊರೆತ ಕಡೆ ಕಬ್ಬು ನಿಂತಿದೆ. ದೊರೆಯದ ಕಡೆ ಒಡ್ಡಿನೊಳಗೆ ಬಿಳಿಜೋಳ.